5-2ರ ಮುನ್ನಡೆ ಒಬ್ಬರೇ ಎದುರಾಳಿಯ ಮುಂದೆ ಏಕೆ ನಿಲ್ಲುವುದಿಲ್ಲ?

ಬೆಳಗಿನ ಕೋರ್ಟ್, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಬ್ಯಾಂಕ್ ನೌಕರ, ವಯಸ್ಸು ನಲವತ್ತಾರು. ಆರು ವರ್ಷಗಳಿಂದ ಬೆಳಿಗ್ಗೆ ಆರಕ್ಕೆ ಟೆನಿಸ್ ಆಡುತ್ತಿದ್ದೇನೆ, ಹೆಚ್ಚಿನ ದಿನಗಳಲ್ಲಿ ಒಬ್ಬರೇ ಎದುರಾಳಿಯ ಜೊತೆ. ಅವರು ನನಗಿಂತ ಎಂಟು ವರ್ಷ ದೊಡ್ಡವರು, ನನ್ನಷ್ಟು ಓಡಲಾರರು, ಅವರ ಸರ್ವ್‌ನಲ್ಲಿ ಹೇಳಿಕೊಳ್ಳುವಂಥ ವೇಗವೂ ಇಲ್ಲ. ಆದರೂ ನಾನು 5-2ರಿಂದ ಮುಂದಿರುವ, ಇನ್ನೊಂದು ಗೇಮ್ ಗೆದ್ದರೆ ನನ್ನದಾಗುವ ಸೆಟ್ ಕೊನೆಗೆ ಅವರ ಪಾಲಾಗುವುದು ನಮ್ಮ ಕೋರ್ಟಿನಲ್ಲಿ ನಗೆಯ ವಿಷಯವಾಗಿಬಿಟ್ಟಿದೆ. ಐದನೆಯ ಗೇಮ್ ನನ್ನದಾದ ಕೂಡಲೇ ಕಟ್ಟೆಯ ಮೇಲೆ ಕುಳಿತವರಲ್ಲಿ ಯಾರಾದರೊಬ್ಬರು "ಯಾಕ್ರಿ ಸಾಹೇಬ್ರ, ಕೈ ನಡಗ್ಲತ್ತಾವೇನ್ರಿ?" ಎಂದು ಕೇಳುತ್ತಾರೆ. ಕೈ ನಡುಗುವುದಿಲ್ಲ ಎಂಬುದನ್ನು ಪ್ರಮಾಣ ಮಾಡಿ ಹೇಳಬಲ್ಲೆ, ಆದರೆ ಸೆಟ್ ಮಾತ್ರ ಹೋಗುತ್ತದೆ.

ದೊಡ್ಡವರ ಆಟದಲ್ಲಿಯೂ ಇದು ನಡೆಯುತ್ತದೆ ಎಂಬುದೊಂದೇ ನನಗಿರುವ ಸಮಾಧಾನ. 2019ರ ವಿಂಬಲ್ಡನ್ ಫೈನಲ್‌ನ ಐದನೆಯ ಸೆಟ್‌ನಲ್ಲಿ ರೋಜರ್ ಫೆಡರರ್ 8-7ರಿಂದ ಮುಂದಿದ್ದು, ತಮ್ಮದೇ ಸರ್ವ್‌ನಲ್ಲಿ 40-15 ತಲುಪಿದ್ದರು. ಎರಡು ಚಾಂಪಿಯನ್‌ಷಿಪ್ ಪಾಯಿಂಟ್‌ಗಳು, ಅಂದರೆ ಒಂದನ್ನು ಗೆದ್ದರೂ ಟ್ರೋಫಿ ಸಿಗುವ ಅವಕಾಶಗಳು, ಕೈಯಲ್ಲಿದ್ದವು. ಮೊದಲನೆಯದರಲ್ಲಿ ಅವರ ಫೋರ್‌ಹ್ಯಾಂಡ್ ಅಂಕಣದ ಹೊರಗೆ ಬಿತ್ತು, ಎರಡನೆಯದರಲ್ಲಿ ಅವರು ನೆಟ್‌ಗೆ ನುಗ್ಗಿ ಬಂದಾಗ ನೊವಾಕ್ ಜೊಕೊವಿಚ್ ಚೆಂಡನ್ನು ಕ್ರಾಸ್‌ಕೋರ್ಟ್ ದಾಟಿಸಿದರು. ಆ ಪಂದ್ಯದಲ್ಲಿ ಫೆಡರರ್ ಗೆದ್ದ ಪಾಯಿಂಟ್‌ಗಳು 218, ಜೊಕೊವಿಚ್ ಗೆದ್ದವು 204, ಆದರೆ ಟ್ರೋಫಿ ಜೊಕೊವಿಚ್ ಅವರದಾಯಿತು. ಇದೇ ಎದುರಾಳಿಯ ಎದುರು 2011ರ ಅಮೆರಿಕ ಓಪನ್ ಸೆಮಿಫೈನಲ್‌ನಲ್ಲಿಯೂ ಫೆಡರರ್ ಐದನೆಯ ಸೆಟ್‌ನಲ್ಲಿ 5-3, 40-15ರಲ್ಲಿ ಸರ್ವ್ ಮಾಡುತ್ತಿದ್ದು ಸೋತಿದ್ದರು. ನನಗೆ ಬೇಕಿರುವುದು ಧೈರ್ಯದ ಮಾತಲ್ಲ, ಕಾರಣ. ಬೇರೆಯವರ ಎದುರು ನಿಲ್ಲುವ ಮುನ್ನಡೆ ಒಬ್ಬರ ಎದುರು ಮಾತ್ರ ಏಕೆ ನಿಲ್ಲುವುದಿಲ್ಲ?

ಲೆಕ್ಕದ ಮೇಷ್ಟ್ರು, ಯಾದಗಿರಿ

ಕಾರಣ ಹುಡುಕುವ ಮೊದಲು ಕಾರಣ ಬೇಕೇ ಎಂದು ನೋಡಬೇಕಾಗುತ್ತದೆ, ಏಕೆಂದರೆ ಟೆನಿಸ್‌ನಲ್ಲಿ ನಾವು "ಕೈಗೆ ಬಂದದ್ದು ಜಾರಿತು" ಎನ್ನುವುದರಲ್ಲಿ ಒಂದು ಪಾಲು ಬರೀ ಅಂಕಗಣಿತ. ಸರ್ವ್ ಮಾಡುವ ಆಟಗಾರ ನೂರಕ್ಕೆ 65 ಪಾಯಿಂಟ್ ಗೆಲ್ಲುವವನೆಂದು ಇಟ್ಟುಕೊಳ್ಳಿ. ಅವನು 40-15ರಲ್ಲಿದ್ದಾಗ ಮುಂದಿನ ಎರಡೂ ಪಾಯಿಂಟ್ ಕಳೆದುಕೊಳ್ಳುವ ಸಾಧ್ಯತೆ 0.35ರ ವರ್ಗ, ಅಂದರೆ ಸುಮಾರು ಎಂಟಕ್ಕೆ ಒಂದು. ಎಂಟಕ್ಕೆ ಒಂದು ಬಾರಿ ಆಗುವುದನ್ನು ಪವಾಡವೆಂದೋ ಹೇಡಿತನವೆಂದೋ ಕರೆಯಲು ಬರುವುದಿಲ್ಲ. ಆದರೆ ಅಲ್ಲಿಂದ ಡ್ಯೂಸ್ (40-40ರ ಸಮಬಲ) ದಾಟಿ ಗೇಮನ್ನೇ ಕಳೆದುಕೊಳ್ಳುವ ಸಾಧ್ಯತೆ ನೂರಕ್ಕೆ ಮೂರಕ್ಕಿಂತ ಕಡಿಮೆ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯವಾದದ್ದು. ಅದೇ ಆಟಗಾರ ನೂರಕ್ಕೆ 65 ಪಾಯಿಂಟ್ ಗೆಲ್ಲುತ್ತಿರುವ ತನಕ ತನ್ನ ಸರ್ವ್‌ನ ಗೇಮ್‌ಗಳಲ್ಲಿ ನೂರಕ್ಕೆ 83ನ್ನು ಉಳಿಸಿಕೊಳ್ಳುತ್ತಾನೆ. 65 ಎಂಬುದು 60ಕ್ಕೆ ಇಳಿದರೆ ಗೇಮ್‌ಗಳು 74ರ ಸುಮಾರಿಗೆ ಇಳಿಯುತ್ತವೆ. ಇಪ್ಪತ್ತು ಪಾಯಿಂಟ್‌ಗಳಲ್ಲಿ ಒಂದೇ ಒಂದು ಹೆಚ್ಚು ಕಳೆದುಕೊಂಡರೆ ಸಾಕು, ಆಟದ ರೂಪ ಬದಲಾಗುತ್ತದೆ. ಆ ಒಂದು ಪಾಯಿಂಟ್ ಆಟಗಾರನ ಕಣ್ಣಿಗೂ ಕಟ್ಟೆಯ ಮೇಲೆ ಕುಳಿತವರ ಕಣ್ಣಿಗೂ ಬೀಳುವುದಿಲ್ಲ. ಫೆಡರರ್ ಅವರೇ 2024ರಲ್ಲಿ ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳ ಮುಂದೆ ತಮ್ಮ 1526 ಸಿಂಗಲ್ಸ್ ಪಂದ್ಯಗಳಲ್ಲಿ ಶೇಕಡಾ 80ರಷ್ಟನ್ನು ಗೆದ್ದರೂ ಪಾಯಿಂಟ್‌ಗಳಲ್ಲಿ ಗೆದ್ದದ್ದು ಕೇವಲ ಶೇಕಡಾ 54 ಎಂದು ಹೇಳಿದ್ದರು. ಪಾಯಿಂಟ್‌ಗಳ ಸಣ್ಣ ಅಂತರ ಪಂದ್ಯಗಳ ದೊಡ್ಡ ಅಂತರವಾಗಿ ಕಾಣುವುದು ಈ ಆಟದ ಎಣಿಕೆಯ ಗುಣ. ಅದು ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ.

ಕಣದ ಕಾವಲುಗಾರ, ಸೇಡಂ

ಸಾಹೇಬರೇ, ಸೋತ ಸೆಟ್‌ಗಳು ನೆನಪಿನಲ್ಲಿ ಉಳಿದಷ್ಟು ಗೆದ್ದವು ಉಳಿದಿವೆಯೇ? 5-2ರಿಂದ ಸುಮ್ಮನೆ 6-2 ಆದ ಬೆಳಗನ್ನು ಯಾರೂ ಕಟ್ಟೆಯ ಮೇಲೆ ಚರ್ಚಿಸುವುದಿಲ್ಲ.

ಬೆಳಗಿನ ಕೋರ್ಟ್, ಕಲಬುರಗಿ

ನ್ಯಾಯವಾದ ಪ್ರಶ್ನೆ. ನಾನು ಪ್ರತಿದಿನದ ಅಂಕಗಳನ್ನು ಹಳೆಯ ಡೈರಿಯೊಂದರಲ್ಲಿ ಬರೆದಿಡುತ್ತೇನೆ, ನಿನ್ನೆ ರಾತ್ರಿ ಕುಳಿತು ಎಣಿಸಿದೆ. ಕಳೆದ ದೀಪಾವಳಿಯಿಂದ ಈಚೆಗೆ ಇವರ ಎದುರು ನಾನು 5-2ರಿಂದ ಮುಂದಿದ್ದದ್ದು 26 ಸಲ, ಅದರಲ್ಲಿ ಸೋತದ್ದು 11 ಸಲ. ಉಳಿದ ಮೂವರು ಜೊತೆಗಾರರ ಎದುರು 5-2ರಿಂದ ಮುಂದಿದ್ದದ್ದು 17 ಸಲ, ಸೋತದ್ದು ಒಂದು ಸಲ.

ಲೆಕ್ಕದ ಮೇಷ್ಟ್ರು, ಯಾದಗಿರಿ

ಹಾಗಿದ್ದರೆ ನನ್ನ ಮೊದಲ ಅನುಮಾನವನ್ನು ಹಿಂದಕ್ಕೆ ಪಡೆಯುತ್ತೇನೆ. ನೀವಿಬ್ಬರೂ ಸರಿಸಮಾನರು, ಪ್ರತಿ ಗೇಮ್ ನಾಣ್ಯ ಚಿಮ್ಮಿದಂತೆ ಎಂದುಕೊಂಡರೂ, 5-2ರಿಂದ ಸೋಲಬೇಕಾದರೆ ನೀವು ಸತತ ಮೂರು ಗೇಮ್ ಕಳೆದುಕೊಂಡು ಆಮೇಲೆ 5-5ರಿಂದಲೂ ಸೋಲಬೇಕು. ಮೊದಲನೆಯದು ಎಂಟಕ್ಕೆ ಒಂದು, ಎರಡನೆಯದು ಎರಡಕ್ಕೆ ಒಂದು, ಒಟ್ಟು ಹದಿನಾರಕ್ಕೆ ಒಂದು. ಸರ್ವ್‌ನ ಪಾಳಿಯನ್ನು ಸೇರಿಸಿದರೆ ಲೆಕ್ಕ ತುಸು ಆಚೀಚೆ ಆದೀತು, ಅಷ್ಟೇ. 26ರಲ್ಲಿ ಎರಡು ಸಲ ಸೋತಿದ್ದರೆ ಅದೃಷ್ಟವೆನ್ನಬಹುದಿತ್ತು. 11 ಸಲ ಸೋತದ್ದಕ್ಕೆ ಅದೃಷ್ಟವನ್ನು ದೂರಲಾಗದು. ಉಳಿದವರ ಎದುರು 17ಕ್ಕೆ ಒಂದು ಎಂಬುದು ಲೆಕ್ಕಕ್ಕೆ ಸರಿಯಾಗಿಯೇ ಇದೆ, ಆದ್ದರಿಂದ ದೋಷ ನಿಮ್ಮ ಸ್ವಭಾವದಲ್ಲಿಯೂ ಇರಲಾರದು. 5-2 ಆದಮೇಲೆ ನಿಮ್ಮಿಬ್ಬರ ನಡುವೆ ಏನೋ ಬದಲಾಗುತ್ತಿದೆ.

ನಿವೃತ್ತ ದೈಹಿಕ ಶಿಕ್ಷಕ, ಬೀದರ್

ಮೂವತ್ತೊಂದು ವರ್ಷ ಮಕ್ಕಳಿಗೆ ಆಟ ಕಲಿಸಿದವನು ನಾನು. ಲೆಕ್ಕ ಹಾಕುವವರು ಮನಸ್ಸನ್ನು ಮರೆಯುತ್ತಾರೆ, ಮನಸ್ಸಿನ ಮಾತಾಡುವವರು ಕಾಲನ್ನು ಮರೆಯುತ್ತಾರೆ. ಮುನ್ನಡೆಯಲ್ಲಿರುವವನ ಭಯ ಮೊದಲು ಇಳಿಯುವುದು ಕಾಲಿಗೆ. ಚೆಂಡಿನ ಬಳಿಗೆ ಇಡುತ್ತಿದ್ದ ಕೊನೆಯ ಎರಡು ಸಣ್ಣ ಹೆಜ್ಜೆಗಳು ನಿಂತುಹೋಗುತ್ತವೆ, ಆಗ ತೋಳು ಚಾಚಿ ಹೊಡೆಯಬೇಕಾಗುತ್ತದೆ, ಹಾಗೆ ಹೊಡೆದ ಚೆಂಡು ನಡು ಅಂಕಣದಲ್ಲಿ ಬೀಳುತ್ತದೆ. ಎರಡನೆಯ ಸರ್ವ್‌ನಲ್ಲಿ ಚೆಂಡನ್ನು ಮೇಲೆಸೆಯುವ ಎತ್ತರ ಕಡಿಮೆಯಾಗುತ್ತದೆ. ಕೈ ನಡುಗುವುದಿಲ್ಲ ಎಂದು ಪ್ರಶ್ನೆ ಕೇಳಿದವರು ಹೇಳಿದ್ದು ನಿಜವಿರಬಹುದು, ಆದರೆ ಕಾಲನ್ನು ಅವರು ನೋಡಿಕೊಂಡಿರಲಿಕ್ಕಿಲ್ಲ.

1993ರ ವಿಂಬಲ್ಡನ್ ಮಹಿಳೆಯರ ಫೈನಲ್‌ನಲ್ಲಿ ಸ್ಟೆಫಿ ಗ್ರಾಫ್ ಎದುರು ಯಾನಾ ನೊವೊಟ್ನಾ ಮೂರನೆಯ ಸೆಟ್‌ನಲ್ಲಿ 4-1ರಿಂದ ಮುಂದಿದ್ದರು. ಸರ್ವ್ ಅವರದೇ, 40-30, ಒಂದು ಪಾಯಿಂಟ್ ಬಂದರೆ 5-1. ಅಲ್ಲಿ ಡಬಲ್ ಫಾಲ್ಟ್ ಆಯಿತು (ಎರಡೂ ಸರ್ವ್ ತಪ್ಪಿದವು), ಆಮೇಲೆ ಅವರಿಗೆ ಒಂದು ಗೇಮ್ ಕೂಡ ಸಿಗಲಿಲ್ಲ, ಸತತ ಐದು ಗೇಮ್ ಕಳೆದುಕೊಂಡು 4-6ರಿಂದ ಸೆಟ್ ಸೋತರು. ಬಹುಮಾನ ವಿತರಣೆಯಲ್ಲಿ ಕೆಂಟ್‌ನ ಡಚೆಸ್ ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತದ್ದನ್ನು ಜಗತ್ತೇ ನೋಡಿತು. ಐದು ವರ್ಷಗಳ ಬಳಿಕ, 1998ರಲ್ಲಿ, ಅವರು ಅದೇ ಅಂಕಣದಲ್ಲಿ ಚಾಂಪಿಯನ್ ಆದದ್ದನ್ನು ನೆನಪಿಡುವವರು ಕಡಿಮೆ. ದೇಹವೇ ಕೈಕೊಡುವುದೂ ಉಂಟು. 2004ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಗಿಯೆರ್ಮೊ ಕೊರಿಯಾ 6-0, 6-3ರಿಂದ ಮುಂದಿದ್ದವರು ಕಾಲಿನ ಸೆಳೆತಕ್ಕೆ ಸಿಕ್ಕಿದರು, ಐದನೆಯ ಸೆಟ್‌ನಲ್ಲಿ ಎರಡು ಮ್ಯಾಚ್ ಪಾಯಿಂಟ್ ಬಂದರೂ ಗ್ಯಾಸ್ಟನ್ ಗಾಡಿಯೊ 8-6ರಿಂದ ಗೆದ್ದರು. ನಮ್ಮ ಕಡೆ ಏಪ್ರಿಲ್ ಬಂತೆಂದರೆ ಏಳು ಗಂಟೆಯ ಬಿಸಿಲೇ ಬೆನ್ನು ಸುಡುತ್ತದೆ, ಆದ್ದರಿಂದ ನೀವು ಸೋತ ಹನ್ನೊಂದು ಬೆಳಗುಗಳು ಯಾವ ತಿಂಗಳಿನವು ಎಂದು ಡೈರಿಯಲ್ಲಿ ಒಮ್ಮೆ ನೋಡಿ.

ಬೆಳಗಿನ ಕೋರ್ಟ್, ಕಲಬುರಗಿ

ನೋಡಿದೆ, ಗುರುಗಳೇ. ನಾಲ್ಕು ಬೇಸಿಗೆಯವು, ಏಳು ಚಳಿಗಾಲದವು. ಬಿಸಿಲಿನ ಮೇಲೆ ಹಾಕೋಣವೆಂದರೆ ಡೈರಿ ಒಪ್ಪುತ್ತಿಲ್ಲ.

ಎಡಗೈ, ಶಹಾಪುರ

ನಾನು ವಿಶ್ವವಿದ್ಯಾಲಯದ ತಂಡದಲ್ಲಿ ಎರಡು ವರ್ಷ ಆಡಿದವಳು. ಗುರುಗಳ ಮೇಲೆ ಗೌರವವಿಟ್ಟುಕೊಂಡೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ಹೆದರಿಕೆ ಎಂಬುದೇ ಪೂರ್ತಿ ಕಾರಣವಾಗಿದ್ದರೆ ಎಲ್ಲ ಎದುರಾಳಿಗಳ ಮುಂದೆಯೂ ಹೆದರಬೇಕಿತ್ತು, ಆದರೆ ಡೈರಿ ಹಾಗೆ ಹೇಳುತ್ತಿಲ್ಲ. ಒತ್ತಡ ಬಿದ್ದಾಗ ಪ್ರತಿಯೊಬ್ಬ ಆಟಗಾರನೂ ತನಗೆ ಅತ್ಯಂತ ರೂಢಿಯಾದ ಹೊಡೆತದ ಆಸರೆ ಹುಡುಕುತ್ತಾನೆ. ಆ ಹೊಡೆತ ಹೋಗಿ ಬೀಳುವ ಜಾಗ ಎದುರಾಳಿಗೆ ಪ್ರಿಯವಾದ ಜಾಗವೇ ಆಗಿದ್ದರೆ ಮುನ್ನಡೆ ಕರಗುತ್ತದೆ, ಆಗಿರದಿದ್ದರೆ ಅಷ್ಟೇ ಹೆದರಿದ ಆಟಗಾರ 6-3ರಿಂದ ಗೆದ್ದು ಮನೆಗೆ ಹೋಗಿ ತಾನು ಗಟ್ಟಿಗನೆಂದು ತಿಳಿಯುತ್ತಾನೆ.

ಫೆಡರರ್ ಮತ್ತು ರಫೆಲ್ ನಡಾಲ್ ಅವರನ್ನೇ ನೋಡಿ. ನನ್ನಂಥ ಎಡಗೈಯವರಿಗೆ ಅದು ಪಾಠದಂತಿತ್ತು. ನಡಾಲ್ ಅವರ ಎಡಗೈ ಫೋರ್‌ಹ್ಯಾಂಡ್ ಸಹಜವಾಗಿ ಹೊಡೆದ ಚೆಂಡು ಹೆಚ್ಚು ಸುತ್ತಿಕೊಂಡು ಹೋಗಿ ಫೆಡರರ್ ಅವರ ಒಂಟಿಗೈ ಬ್ಯಾಕ್‌ಹ್ಯಾಂಡ್‌ನ ಹೆಗಲಿನ ಎತ್ತರಕ್ಕೆ ಪುಟಿಯುತ್ತಿತ್ತು. ನಡಾಲ್ ಇಕ್ಕಟ್ಟಿನಲ್ಲಿ ತಮ್ಮ ರೂಢಿಯ ಹೊಡೆತಕ್ಕೆ ಹೋದರೆ ಅದು ಎದುರಾಳಿಯ ದುರ್ಬಲ ಜಾಗಕ್ಕೆ ತಾನಾಗಿ ಹೋಗುತ್ತಿತ್ತು, ಫೆಡರರ್ ಇಕ್ಕಟ್ಟಿನಲ್ಲಿ ತಮ್ಮ ರೂಢಿಯ ಸ್ಲೈಸ್‌ಗೆ (ಚೆಂಡನ್ನು ಕತ್ತರಿಸಿದಂತೆ ಹೊಡೆಯುವ ಹೊಡೆತಕ್ಕೆ) ಹೋದರೆ ಅದು ನಡಾಲ್ ಅವರಿಗೆ ಇನ್ನೊಂದು ಫೋರ್‌ಹ್ಯಾಂಡ್ ಕೊಡುತ್ತಿತ್ತು. 2007ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಫೆಡರರ್‌ಗೆ 17 ಬ್ರೇಕ್ ಪಾಯಿಂಟ್ (ಎದುರಾಳಿಯ ಸರ್ವ್‌ನ ಗೇಮನ್ನು ಕಸಿಯುವ ಅವಕಾಶ) ಬಂದವು, ಗೆದ್ದದ್ದು ಒಂದನ್ನು. ಇದನ್ನು ಮನಸ್ಸಿನ ದೌರ್ಬಲ್ಯ ಎಂದು ಬರೆದವರು ಬಹಳ. ಆದರೆ ದೊಡ್ಡ ತಲೆಯ ರ್‍ಯಾಕೆಟ್‌ಗೆ ಬದಲಾಗಿ, ಸ್ಲೈಸ್ ಬಿಟ್ಟು ಬ್ಯಾಕ್‌ಹ್ಯಾಂಡನ್ನು ಮುಂದೆ ನಿಂತು ನೇರವಾಗಿ ಹೊಡೆಯಲು ಆರಂಭಿಸಿದ ಅದೇ ಮನುಷ್ಯ 2017ರ ಆಸ್ಟ್ರೇಲಿಯನ್ ಓಪನ್ ಫೈನಲ್‌ನ ಐದನೆಯ ಸೆಟ್‌ನಲ್ಲಿ 1-3ರಿಂದ ಹಿಂದಿದ್ದು ಸತತ ಐದು ಗೇಮ್ ಗೆದ್ದರು. ಅಲ್ಲಿ ಮುನ್ನಡೆ ಕಳೆದುಕೊಂಡವರು ನಡಾಲ್. ಅವರ ಮನಸ್ಸು ಅಂದು ದುರ್ಬಲವಾಯಿತೆಂದು ಯಾರೂ ಬರೆಯಲಿಲ್ಲ.

ನಿವೃತ್ತ ದೈಹಿಕ ಶಿಕ್ಷಕ, ಬೀದರ್

ನೀವು ಹೇಳುವುದರಲ್ಲಿ ಹುರುಳಿದೆ, ತಂಗಿ. ಆದರೂ ಒಂದನ್ನು ಬಿಟ್ಟಿದ್ದೀರಿ. ಹೊಡೆತ ಅದೇ, ಎದುರಾಳಿ ಅದೇ ಆಗಿದ್ದರೆ 5-2 ಆಗುವುದಾದರೂ ಹೇಗೆ? ಮೊದಲ ಏಳು ಗೇಮ್‌ಗಳಲ್ಲಿ ಕೆಲಸ ಮಾಡಿದ್ದು ಎಂಟನೆಯದರಲ್ಲಿ ಮಾಡದಿರಲು ಕಾರಣ ಬೇಕಲ್ಲವೇ?

ಎಡಗೈ, ಶಹಾಪುರ

ಬೇಕು, ಸರ್. ಸಾಮಾನ್ಯವಾಗಿ ಬದಲಾಗುವವನು ಹಿಂದಿರುವವನು, ಮುಂದಿರುವವನಲ್ಲ. ಮುಂದಿರುವವನಿಗೆ ತನ್ನ ಆಟ ಬದಲಿಸಲು ಕಾರಣವೇ ಇರುವುದಿಲ್ಲ, ಗೆಲ್ಲುತ್ತಿದ್ದಾನಲ್ಲ. ಹಿಂದಿರುವವನು ಎರಡು ಸೆಟ್‌ಗಳ ಉದ್ದಕ್ಕೂ ಎದುರಿನವನ ಸರ್ವ್ ನೋಡಿ ಕಲಿತಿರುತ್ತಾನೆ, ಕಳೆದುಕೊಳ್ಳಲು ಏನೂ ಉಳಿದಿರದ ಕಾರಣ ಹೊಸದನ್ನು ಪ್ರಯೋಗಿಸುತ್ತಾನೆ. 2022ರ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ಡ್ಯಾನಿಲ್ ಮೆಡ್ವೆಡೆವ್ ಎರಡು ಸೆಟ್ ಗೆದ್ದು ಮೂರನೆಯದರಲ್ಲಿ 3-2ರಿಂದ ಮುಂದಿದ್ದಾಗ ನಡಾಲ್ ತಮ್ಮ ಸರ್ವ್‌ನಲ್ಲಿ 0-40ಕ್ಕೆ ಬಂದಿದ್ದರು. ಅಲ್ಲಿಂದ ಪಾರಾದ ಮೇಲೆ ನಡಾಲ್ ಸ್ಲೈಸ್‌ಗಳನ್ನೂ ಡ್ರಾಪ್ ಶಾಟ್‌ಗಳನ್ನೂ ಬೆರೆಸಿ ಮೆಡ್ವೆಡೆವ್ ಅವರನ್ನು ಬೇಸ್‌ಲೈನ್‌ನಿಂದ ಎಳೆದು ತಂದರು, 5 ಗಂಟೆ 24 ನಿಮಿಷಗಳ ಬಳಿಕ ಗೆದ್ದರು. ಎರಡು ವರ್ಷ ಬಿಟ್ಟು ಅದೇ ಊರಿನ ಫೈನಲ್‌ನಲ್ಲಿ ಮೆಡ್ವೆಡೆವ್ ಯಾನಿಕ್ ಸಿನ್ನರ್ ಎದುರು 6-3, 6-3ರಿಂದ ಮುಂದಿದ್ದು ಮತ್ತೆ ಐದು ಸೆಟ್‌ಗಳಲ್ಲಿ ಸೋತರು, ಆದರೆ ಆ ಸೋಲಿಗೆ ಅಲ್ಲಿಯವರೆಗೆ ಅಂಕಣದಲ್ಲಿ ಅವರು ಕಳೆದಿದ್ದ ದೀರ್ಘ ಗಂಟೆಗಳ ದಣಿವೂ ಸೇರಿತ್ತು.

"ಕುಸಿತ" ಎಂಬ ಪದವನ್ನೇ ನಾವು ಬಹಳ ಅಗ್ಗವಾಗಿ ಬಳಸುತ್ತೇವೆ ಎಂದು ನನ್ನ ಅಭಿಪ್ರಾಯ. 2025ರ ಫ್ರೆಂಚ್ ಓಪನ್ ಫೈನಲ್‌ನ ನಾಲ್ಕನೆಯ ಸೆಟ್‌ನಲ್ಲಿ ಸಿನ್ನರ್ 5-3ರಿಂದ ಮುಂದಿದ್ದು ಕಾರ್ಲೊಸ್ ಅಲ್ಕರಾಜ್ ಸರ್ವ್‌ನಲ್ಲಿ ಮೂರು ಚಾಂಪಿಯನ್‌ಷಿಪ್ ಪಾಯಿಂಟ್ ಪಡೆದರು, ಮೂರನ್ನೂ ಕಳೆದುಕೊಂಡು ಕೊನೆಗೆ ಪಂದ್ಯವನ್ನೂ ಕಳೆದುಕೊಂಡರು. ಆದರೆ ಐದನೆಯ ಸೆಟ್‌ನಲ್ಲಿ ಅಲ್ಕರಾಜ್ ಪಂದ್ಯ ಮುಗಿಸಲು ಸರ್ವ್ ಮಾಡಿದಾಗ ಅದನ್ನು ಮುರಿದು ಟೈಬ್ರೇಕ್ ತನಕ ಎಳೆದವರೂ ಅದೇ ಸಿನ್ನರ್. ಕುಸಿದವನು ಹಾಗೆ ಆಡುತ್ತಾನೆಯೇ? ಐದು ವಾರಗಳ ನಂತರ ವಿಂಬಲ್ಡನ್ ಫೈನಲ್‌ನಲ್ಲಿ ಅದೇ ಅಲ್ಕರಾಜ್ ಅವರನ್ನು ನಾಲ್ಕು ಸೆಟ್‌ಗಳಲ್ಲಿ ಸೋಲಿಸಿದರು.

ಕಣದ ಕಾವಲುಗಾರ, ಸೇಡಂ

ನಾನು ಟೆನಿಸ್ ಆಡಿದವನಲ್ಲ, ಕಬಡ್ಡಿಯವನು. ಕಬಡ್ಡಿಯಲ್ಲಿ ಕೊನೆಯ ನಿಮಿಷಗಳಲ್ಲಿ ಮುಂದಿರುವ ತಂಡ ಖಾಲಿ ರೇಡ್ (ಅಂಕ ತರದ ದಾಳಿ) ಮಾಡಿ ಕಾಲ ತಳ್ಳಬಹುದು, ಗಡಿಯಾರ ನಮ್ಮ ಕಡೆಯ ಎಂಟನೆಯ ಆಟಗಾರನಿದ್ದಂತೆ. ನಿಮ್ಮ ಆಟದಲ್ಲಿ ಆ ಅನುಕೂಲವೇ ಇಲ್ಲ. ಎಷ್ಟೇ ಮುಂದಿದ್ದರೂ ಕೊನೆಯ ಪಾಯಿಂಟನ್ನು ನೀವೇ ಗೆಲ್ಲಬೇಕು. ರಾಶಿ ಮಾಡಿದ ತೊಗರಿ ಕಣದಲ್ಲಿ ಬಿದ್ದಿದೆ, ಚೀಲ ತುಂಬಿಲ್ಲ, ಮೋಡ ಕವಿದಿದೆ ಎಂಬ ಸ್ಥಿತಿ 5-2. ಅಲ್ಲಿ ಕುಳಿತು ಕಾಯುವವನ ತೊಗರಿ ತೊಯ್ಯುತ್ತದೆ.

ನಿವೃತ್ತ ದೈಹಿಕ ಶಿಕ್ಷಕ, ಬೀದರ್

ಚೆನ್ನಾಗಿ ಹೇಳಿದಿರಿ. ಇದೇ 5-2ರ ಕಥೆ ನಮ್ಮ ದೇಶದ ಟೆನಿಸ್‌ನಲ್ಲಿ ಎರಡೂ ಬಗೆಯಲ್ಲಿ ಇದೆ. 1966ರಲ್ಲಿ ಕೋಲ್ಕತ್ತದಲ್ಲಿ ಬ್ರೆಜಿಲ್ ಎದುರಿನ ಡೇವಿಸ್ ಕಪ್ ಪಂದ್ಯದ ನಿರ್ಣಾಯಕ ಸಿಂಗಲ್ಸ್‌ನಲ್ಲಿ ಥಾಮಸ್ ಕೋಕ್ ಎರಡು ಸೆಟ್ ಗೆದ್ದು ನಾಲ್ಕನೆಯದರಲ್ಲಿ 5-2ರಿಂದ ಮುಂದಿದ್ದರು. ರಾಮನಾಥನ್ ಕೃಷ್ಣನ್ ಆ ಸೆಟ್ಟನ್ನು 7-5ರಿಂದಲೂ ಕೊನೆಯದನ್ನು 6-2ರಿಂದಲೂ ಗೆದ್ದು ಭಾರತವನ್ನು ಚಾಲೆಂಜ್ ರೌಂಡ್‌ಗೆ, ಅಂದರೆ ಆಗಿನ ಡೇವಿಸ್ ಕಪ್ ಫೈನಲ್‌ಗೆ, ಒಯ್ದರು. ಕೃಷ್ಣನ್ ಅವರ ಸರ್ವ್‌ನಲ್ಲಿಯೂ ವೇಗವಿರಲಿಲ್ಲ ಎಂಬುದನ್ನು ಪ್ರಶ್ನೆ ಕೇಳಿದವರು ಗಮನಿಸಲಿ. ಇನ್ನೊಂದು ಕಡೆ, 1981ರ ವಿಂಬಲ್ಡನ್ ಕ್ವಾರ್ಟರ್ ಫೈನಲ್‌ನಲ್ಲಿ ಜಿಮ್ಮಿ ಕಾನರ್ಸ್ ಎದುರು 6-2, 7-5ರಿಂದ ಮುಂದಿದ್ದ ವಿಜಯ್ ಅಮೃತರಾಜ್ ಉಳಿದ ಮೂರು ಸೆಟ್‌ಗಳನ್ನೂ ಕಳೆದುಕೊಂಡರು. ಮರುದಿನದ ಪತ್ರಿಕೆ ಓದಿ ಬೇಸರಪಟ್ಟ ನೆನಪು ನನಗೆ ಇನ್ನೂ ಇದೆ.

ಬೇಸ್‌ಲೈನ್ ಮುದುಕ, ಕಲಬುರಗಿ

ಈ ಚರ್ಚೆಯ ಕೊಂಡಿಯನ್ನು ನನ್ನ ಅಳಿಯ ಕಳುಹಿಸಿದ. ಸರ್ವ್‌ನಲ್ಲಿ ಹೇಳಿಕೊಳ್ಳುವಂಥ ವೇಗವಿಲ್ಲದ ಆ ಎದುರಾಳಿ ನಾನೇ. ಸಾಹೇಬರು ಬೇಸರ ಮಾಡಿಕೊಳ್ಳಬಾರದು, ಕೇಳಿದ ಪ್ರಶ್ನೆಗೆ ನನಗೆ ತಿಳಿದಷ್ಟು ಉತ್ತರ ಬರೆಯುತ್ತೇನೆ.

ನಮ್ಮ ಕೋರ್ಟಿನ ಕೋಣೆಯ ಗೋಡೆಗೆ ಒಂದು ಗಡಿಯಾರವಿದೆ. 5-2 ಆದ ಕೂಡಲೇ ಸಾಹೇಬರು ಅದನ್ನು ನೋಡುತ್ತಾರೆ. ಆ ಹೊತ್ತಿಗೆ ಸಾಮಾನ್ಯವಾಗಿ ಏಳು ಹತ್ತು ಆಗಿರುತ್ತದೆ, ಅವರು ಮಗಳನ್ನು ಶಾಲೆಗೆ ಬಿಟ್ಟು ಬ್ಯಾಂಕಿಗೆ ಹೋಗಬೇಕು. ಅಲ್ಲಿಂದ ಅವರು ಚೆಂಡುಗಳನ್ನು ಓಡಿ ಹೋಗಿ ಎತ್ತುತ್ತಾರೆ, ನಾನು ಸಿದ್ಧನಾಗುವ ಮೊದಲೇ ಸರ್ವ್ ಮಾಡಲು ನಿಲ್ಲುತ್ತಾರೆ, ಮೊದಲ ಸರ್ವ್ ಗಟ್ಟಿಯಾಗಿ ಹೊಡೆದು ನೆಟ್‌ಗೆ ಹಾಕುತ್ತಾರೆ, ಎರಡನೆಯದನ್ನು ಮೆಲ್ಲಗೆ ನನ್ನ ಬ್ಯಾಕ್‌ಹ್ಯಾಂಡ್‌ಗೆ ಕೊಡುತ್ತಾರೆ. ಶಹಾಪುರದ ತಂಗಿ ರೂಢಿಯ ಹೊಡೆತವೆಂದರಲ್ಲ, ಅದು ಇದೇ. ಬೇರೆಯವರಿಗೆ ಬ್ಯಾಕ್‌ಹ್ಯಾಂಡ್ ಬಾರದು, ಅವರಿಗೆ ಇದು ಸಾಕಾಗುತ್ತದೆ. ನನಗೆ ಬರುವುದೇ ಬ್ಯಾಕ್‌ಹ್ಯಾಂಡ್. ಆದ್ದರಿಂದ ನಾನು 2-5 ಆದಾಗ ಎರಡು ಹೆಜ್ಜೆ ಒಳಗೆ ಬಂದು ನಿಲ್ಲುತ್ತೇನೆ, ಅಷ್ಟರತನಕ ಹಿಂದೆಯೇ ನಿಂತಿರುತ್ತೇನೆ. ರಿಟರ್ನ್ ಆಳವಾಗಿ ಹೋದರೆ ಆಮೇಲೆ ಗೆರೆ ಹುಡುಕುವುದಿಲ್ಲ, ಚೆಂಡನ್ನು ಎತ್ತರಕ್ಕೆ ಕಳುಹಿಸುತ್ತಾ ಇರುತ್ತೇನೆ, ಏಕೆಂದರೆ ಅವಸರದಲ್ಲಿರುವವರಿಗೆ ಒಂಬತ್ತು ಹೊಡೆತದ ರ್‍ಯಾಲಿ ಎಂದರೆ ಶಿಕ್ಷೆ. ಕಡೆ ಬದಲಿಸುವಾಗ ನೀರು ಕುಡಿಯುವುದನ್ನು ಸ್ವಲ್ಪ ನಿಧಾನವಾಗಿ ಕುಡಿಯುತ್ತೇನೆ, ಇದು ನನ್ನ ತಪ್ಪೊಪ್ಪಿಗೆ.

2023ರ ಕೊನೆಯಲ್ಲಿ ನಮ್ಮ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ (ಐಟಿಎಫ್) ಪಂದ್ಯಾವಳಿ ನಡೆದಾಗ ನಾವಿಬ್ಬರೂ ಒಟ್ಟಿಗೆ ಕುಳಿತು ನೋಡಿದ್ದೆವು. ಸಿಂಗಲ್ಸ್ ಗೆದ್ದ ರಾಮ್‌ಕುಮಾರ್ ರಾಮನಾಥನ್ ಅವರ ಸರ್ವ್ ನೋಡಿ ಸಾಹೇಬರು ಬಹಳ ಮೆಚ್ಚಿದ್ದರು. ನಾನು ಸರ್ವ್‌ಗಿಂತ ಹೆಚ್ಚು ನೋಡಿದ್ದು ಆಟಗಾರರು ಟವೆಲ್ ತೆಗೆದುಕೊಳ್ಳುವ ರೀತಿಯನ್ನು. ಮುಂದಿದ್ದರೂ ಹಿಂದಿದ್ದರೂ ಅದಕ್ಕೆ ಹಿಡಿಯುವ ಹೊತ್ತು ಒಂದೇ. ಅವರಿಗೆ ಎರಡು ಪಾಯಿಂಟ್‌ಗಳ ನಡುವೆ 25 ಸೆಕೆಂಡ್ ಸಿಗುತ್ತದೆ, ಸಾಹೇಬರು 5-2ರಲ್ಲಿ ಎಂಟೂ ಬಳಸುವುದಿಲ್ಲ.

ಲೆಕ್ಕದ ಮೇಷ್ಟ್ರು, ಯಾದಗಿರಿ

ಇಪ್ಪತ್ತರಲ್ಲಿ ಒಂದು ಪಾಯಿಂಟ್ ಎಂದಿದ್ದೆ. ಇಲ್ಲಿ ಕನಿಷ್ಠ ನಾಲ್ಕು ಸಿಕ್ಕವು.

ಬೆಳಗಿನ ಕೋರ್ಟ್, ಕಲಬುರಗಿ

ಅಣ್ಣಾವ್ರೇ, ಬೇಸರವೇನಿಲ್ಲ, ನಾಚಿಕೆ ಮಾತ್ರ ಆಯಿತು. ಗಡಿಯಾರ ನೋಡುವುದು ನಿಜ, ಆದರೆ ನೋಡುತ್ತೇನೆಂದು ನನಗೇ ತಿಳಿದಿರಲಿಲ್ಲ. ಸೋತ ಹನ್ನೊಂದು ದಿನಗಳನ್ನು ಮತ್ತೆ ಡೈರಿಯಲ್ಲಿ ನೋಡಿದೆ, ಒಂದೂ ಭಾನುವಾರವಲ್ಲ.

ಉಳಿದವರ ತಿಳಿವಳಿಕೆಗೆ ಇಂದಿನ ಆಟದ ವಿವರ ಬರೆಯುತ್ತೇನೆ. ಇಂದು ಬುಧವಾರ, ಶಾಲೆ ಇತ್ತು, ಮಗಳನ್ನು ಬಿಡಲು ಮನೆಯವರು ಹೋದರು. 5-2 ಆಯಿತು, ಗಡಿಯಾರಕ್ಕೆ ಬೆನ್ನು ಹಾಕಿ ನಿಂತೆ, ಎರಡನೆಯ ಸರ್ವ್‌ಗಳನ್ನು ಫೋರ್‌ಹ್ಯಾಂಡ್‌ಗೆ ಕೊಟ್ಟೆ. ಅಣ್ಣಾವ್ರು ಅದಕ್ಕೂ ಸಿದ್ಧರಾಗಿಯೇ ಬಂದಿದ್ದರು, ನಾನು ಬರೆದದ್ದನ್ನು ಅವರೂ ಓದಿದ್ದಾರಲ್ಲ. 5-5 ಆಯಿತು. ಕಟ್ಟೆಯ ಮೇಲಿನವರು ಎದ್ದು ನಿಂತರು. ಹನ್ನೊಂದನೆಯ ಗೇಮ್‌ನಲ್ಲಿ ಆರು ಡ್ಯೂಸ್ ಆದವು, ಒಂದು ರ್‍ಯಾಲಿಯಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಹೊಡೆತಗಳಾದವು, ಅದನ್ನು ಗೆದ್ದವನು ನಾನು. ಸೆಟ್ 7-5ರಿಂದ ನನ್ನದಾಯಿತು. ಬ್ಯಾಂಕಿಗೆ ಹದಿನೈದು ನಿಮಿಷ ತಡವಾಗಿ ಹೋದೆ.

ಬೇಸ್‌ಲೈನ್ ಮುದುಕ, ಕಲಬುರಗಿ

5-2ರ ಮುನ್ನಡೆ ಇಂದೂ ಹೋಯಿತೆಂಬುದನ್ನು ಡೈರಿಯಲ್ಲಿ ಬರೆದುಕೊಳ್ಳಿ. ನಾಳೆ ಹೊಸ ಚೆಂಡಿನ ಡಬ್ಬಿ ತರುವ ಸರದಿ ನಿಮ್ಮದು.